ನೆಗಾಡುವ ಫೋಟೋ

ದಿವ್ಯಾಳ ವೃತ್ತಿ ಶುರುವಾದದ್ದೇ ಸತ್ತವರ ಮನೆಗಳಲ್ಲಿ. ಕುಂದಾಪುರದ ಪತ್ರಿಕೆಯೊಂದಕ್ಕೆ ನಿಧನವಾರ್ತೆ ಬರೆಯುತ್ತಿದ್ದವಳು, ಅಳುತ್ತಿದ್ದವರ ಮುಂದೆ ನಿಂತು, “ನೆಗಾಡ್ತಾ ಇಪ್ಪ ಫೋಟೋ ಇತ್ತಾ?” ಎಂದು ಸತ್ತವರ ನಗುಮುಖದ ಫೋಟೋ ಕೇಳುತ್ತಿದ್ದಳು. ಆಮೇಲೆ ಟಿವಿ ಸೇರಿದಳು. ಮೀನು ಮಾರುವ ಹೆಂಗಸರ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ದಿಲ್ಲಿಯಲ್ಲಿ ಪ್ರಶಸ್ತಿಯನ್ನೂ ಪಡೆದಳು. ತೆಕ್ಕಟ್ಟೆಯಲ್ಲಿ ಮೀನು ಮಾರುತ್ತಿದ್ದ ಅವಳ ಅಮ್ಮ ಪದ್ದು ಮಾತ್ರ ಆ ಚಿತ್ರದಲ್ಲಿರಲಿಲ್ಲ. ಮನೆಯವರನ್ನು ಸುದ್ದಿ ಮಾಡಬಾರದೆಂಬುದು ದಿವ್ಯಾಳ ಹಟ. ಕ್ಯಾಮೆರಾ ಹಿಡಿದಾಗಲೆಲ್ಲ, “ಅಮ್ಮಾ, ಚೂರ್ ಆಚಿಗ್ ಹೋಗ್” ಎನ್ನುತ್ತಿದ್ದಳು. ಅಮ್ಮ ಬುಟ್ಟಿ ಎತ್ತಿಕೊಂಡು ಸರಿಯುತ್ತಿದ್ದಳು.

ಮೊನ್ನೆ ಅಮ್ಮ ತೀರಿಕೊಂಡಾಗ ಅದೇ ಪತ್ರಿಕೆಯ ಈಗಿನ ವರದಿಗಾರ್ತಿ ಬಂದು ಅದೇ ಮಾತು ಕೇಳಿದಳು. ದಿವ್ಯಾ ಹಳೆಯ ಚಿತ್ರೀಕರಣವನ್ನೆಲ್ಲ ತಡಕಾಡಿದಳು. ಸಿಕ್ಕಿದ್ದು ಆಚೆ ಸರಿಯುತ್ತಿರುವ ಬೆನ್ನು ಮಾತ್ರ. ಕೊನೆಗೆ ಆಧಾರ್ ಕಾರ್ಡಿನ ಫೋಟೋ ಕೊಟ್ಟಳು. ಅದರಲ್ಲಿ ಅಮ್ಮ, ಇನ್ನೂ ಆಚೆ ಹೋಗಬೇಕೋ ಎಂದು ಕೇಳುವಂತೆ ನೋಡುತ್ತಿದ್ದಳು.