ಗಂಗಕ್ಕನ ಹಾಲು ಮತ್ತು ಅಳಿಯದ ಮೇಲ್

ಗಂಗಕ್ಕ, ನಿನ್ನ ಹಾಲಿನಲ್ಲಿ ನೀರಿರಲಿಲ್ಲ. ಅದು ನನಗೆ ಗೊತ್ತಿತ್ತು. ಇಡೀ ಓಣಿ ನಿನ್ನನ್ನು ಕಳ್ಳಿ ಎಂದಾಗಲೂ ಗೊತ್ತಿತ್ತು — ನಾನು ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸದಲಗಾದ ನಮ್ಮ ಡೇರಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದರ ಮುಂದೆ ಕೂರುವ ಕೆಲಸ ನನಗೆ ಸಿಕ್ಕಿತ್ತು. ಅವ್ವ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಸಂಶಯ ಬಂದ ಹಾಲನ್ನು ಬಾಟಲಿಯಲ್ಲಿ ತುಂಬಿ ಕೊಲ್ಲಾಪುರಕ್ಕೆ ಪರೀಕ್ಷೆಗೆ ಕಳಿಸುತ್ತಿದ್ದೆವು. ಉತ್ತರ ಇ-ಮೇಲ್‌ನಲ್ಲಿ ಬರುತ್ತಿತ್ತು. ಆ ಸಲ ಹೋದದ್ದು ಎರಡು ಬಾಟಲಿ — ಒಂದು ನಿನ್ನದು, ಇನ್ನೊಂದು ಪಕ್ಕದ ನಮ್ಮ ಮನೆಯದು. ನಿನ್ನದರಲ್ಲಿ ನೀರಿದೆ, ನಮ್ಮದು ಚೊಕ್ಕ ಎಂದು ಬಂತು. ಮರುದಿನದಿಂದಲೇ ಡೇರಿಯವರು ನಿನ್ನ ಹಾಲು ಬಂದ್ ಮಾಡಿದರು.

ಆಮೇಲೆ ಕೊಲ್ಲಾಪುರದಿಂದ ಇನ್ನೊಂದು ಮೇಲ್ ಬಂತು. ಬಾಟಲಿಗಳ ಹೆಸರುಗಳು ಅದಲುಬದಲಾಗಿವೆ, ತಪ್ಪು ನಮ್ಮದೇ, ತಿದ್ದಿಕೊಳ್ಳಿ ಎಂದಿತ್ತು. ಅಂದರೆ — ನೀರು ಬೆರೆತದ್ದು ನಮ್ಮ ಹಾಲಿನಲ್ಲಿ. ಹಾಲು ಹಿಂಡುತ್ತಿದ್ದವಳು ಅವ್ವ. ಪಕ್ಕದ ಕೋಣೆಯಲ್ಲಿ ಮ್ಯಾನೇಜರು ಚಹಾ ಕುಡಿಯುತ್ತಿದ್ದರು. ಡಿಲೀಟ್ ಒತ್ತಿದೆ.

ಪೀಡೆ ತೊಲಗಿತು ಅಂದುಕೊಂಡೆ. ಮಧ್ಯಾಹ್ನ ಮತ್ತೆ ಫೋನಿನ ಲೈನು ಜೋಡಿಸಿದರೆ ಅದೇ ಮೇಲ್ ಹೊಸದರ ಹಾಗೆ ದಪ್ಪ ಅಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತ್ತು. ಅಳಿಸಿದೆ. ಮರುದಿನ ಮತ್ತೆ ಬಂತು. ಅಳಿಸಿದ್ದೆಲ್ಲ ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ — ಊಹೂಂ. "ಏನರ ಬಂದೈತೇನು ನೋಡೋ" ಎಂದು ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತರೆ ಪರದೆಗೆ ಅಡ್ಡವಾಗಿ ಕೂರುತ್ತಿದ್ದೆ. "ಲೈನ್ ಸಿಗವಲ್ದರಿ ಸರ್" ಎನ್ನುತ್ತಿದ್ದೆ. ಬೇರೆ ಯಾರೂ ಮುಟ್ಟಬಾರದೆಂದು ಊಟಕ್ಕೂ ಏಳುತ್ತಿರಲಿಲ್ಲ.

ಕೊನೆಗೆ ಕಂಪ್ಯೂಟರ್ ಮಾರಿದ ನಿಪ್ಪಾಣಿಯವನಿಗೆ ಫೋನ್ ಮಾಡಿದೆ.

"ನೀವು ಅಳಸೂದು ನಿಮ್ಮ ಕಡೀದಷ್ಟರಿ" ಎಂದ. "ಒಂದ್ ಪ್ರತಿ ಮೇಲ್ ಕಳಸೂ ಕಂಪನಿ ಕಂಪ್ಯೂಟರ್‌ನ್ಯಾಗ ಇರತೈತಿ. ನಡುವ ಲೈನ್ ಕಡದ್ರ ನಿಮಗ ಮುಟ್ಟಿದ್ದ ಅದಕ್ಕ ಗೊತ್ತಾಗಂಗಿಲ್ಲ, ಮತ್ತ ಕಳಸತೈತಿ. ಪೂರಾ ಮುಗಿಯೂತನಾ ಲೈನ್ ಕೀಳಬ್ಯಾಡ್ರಿ, ಆಮ್ಯಾಲ ಅಲ್ಲೀದೂ ಅಳೀತೈತಿ."

ಫೋನಿನ ಬಿಲ್ಲು ಏರುತ್ತದೆಂದು, ಮೇಲ್ ಕಂಡ ಕೂಡಲೇ ವಯರು ಕಿತ್ತುಬಿಡುವುದು ನಮ್ಮ ಡೇರಿಯ ರೂಢಿ. ಆ ದಿನ ಕೀಳಲಿಲ್ಲ. ಕಾದೆ. ಆಮೇಲೆ ಅಳಿಸಿದೆ. ಮೇಲ್ ಮತ್ತೆ ಬರಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ, ಅಕ್ಕ — ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಅದೇ ವಾರ ನಿನ್ನ ಎಮ್ಮೆ ಈಯಿತು. ನೀನು ಯಾವಾಗಲೂ ಮಾಡುವಂತೆ ಮನೆಮನೆಗೆ ಗಿಣ್ಣದ ಹಾಲು ಕೊಡಲು ಹೊರಟೆ. ಒಬ್ಬರೂ ತೆಗೆದುಕೊಳ್ಳಲಿಲ್ಲ. ಗಿಣ್ಣದ ತಂಬಿಗೆಯನ್ನು ಬರಿದಾಗಿ ತಿರುಗಿಸಬಾರದೆಂದು ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುವ ಓಣಿ ಅದು. ನಿನಗೆ ತುಂಬಿದ ತಂಬಿಗೆಯನ್ನೇ ತಿರುಗಿಸಿತು. ನಮ್ಮ ಅವ್ವನೂ "ಬ್ಯಾಡವಾ" ಅಂದಳು. ತಾನೇ ನೀರು ಬೆರೆಸಿದ್ದು ಅವಳಿಗೆ ಗೊತ್ತಿತ್ತಲ್ಲ — ಆದರೂ ಅಂದಳು. ನೀನು ನನ್ನ ಕಡೆ ತಿರುಗಿದೆ.

"ತಮ್ಮಾ, ನೀನರ ಹೇಳೋ. ನಾ ಅಂಥಾಕೀನೇನು?"

"ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ, ಅಕ್ಕಾ" ಎಂದೆ.

ನೀನು ತುಂಬಿದ ತಂಬಿಗೆ ಹಿಡಿದುಕೊಂಡೇ ಓಣಿಯಲ್ಲಿ ನಡೆದು ಮನೆಗೆ ಹೋದೆ. ಎಮ್ಮೆ ಮಾರಿ, ಸತ್ತಿ ಊರಿನಲ್ಲಿರುವ ನಿನ್ನ ತಂಗಿಯ ಮನೆಗೆ ಹೋದೆ. ನಾನು ತಡೆಯಬಹುದಿತ್ತು. ಬಸ್ ಸ್ಟ್ಯಾಂಡಿಗೆ ಓಡಿಬಂದಾದರೂ — ಬರಲಿಲ್ಲ.

ಅವ್ವ ಈಗಿಲ್ಲ. ಅವಳ ಹೆಸರು ಕೆಡುತ್ತದೆ ಎನ್ನುವ ನೆಪದಲ್ಲಿ ಇಷ್ಟು ವರ್ಷ ನನ್ನ ಹೆಸರು ಉಳಿಸಿಕೊಂಡೆ. ನಿನ್ನೆ ನಮ್ಮ ಎಮ್ಮೆ ಈದಿದೆ. ನಾಳೆ ಬೆಳಿಗ್ಗೆ ಹಾಲು ಹಾಕಲು ಎಲ್ಲರೂ ಡೇರಿಯ ಮುಂದೆ ನಿಂತಿರುವಾಗ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ಗಿಣ್ಣದ ತಂಬಿಗೆ ಹಿಡಿದು ಸತ್ತಿಗೆ ಬರುತ್ತೇನೆ. ನೀನು ತುಂಬಿದ ತಂಬಿಗೆಯನ್ನೇ ತಿರುಗಿಸಿ ಕಳಿಸಿದರೆ, ಅದನ್ನು ಹಿಡಿದುಕೊಂಡು, ನೀನು ಅವತ್ತು ನಡೆದ ಅದೇ ಓಣಿಯಲ್ಲಿ ನಡೆದು ಮನೆಗೆ ಹೋಗುತ್ತೇನೆ.