ಕಾಪುವಿನ ಟೀಚರ್ ಮತ್ತು ನನ್ನ ಹುಟ್ಟೂರು

ಬಲಗೈಯ ತೋರುಬೆರಳಿಗೆ ಮಾತ್ರ ಅವರು ಮದರಂಗಿ ಹಚ್ಚಿಕೊಳ್ಳುತ್ತಿದ್ದರು. ಉಳಿದ ಬೆರಳುಗಳೆಲ್ಲ ಬೋಳು. ಆ ಒಂದೇ ಬೆರಳಿನಿಂದ ಮೊಬೈಲಿನಲ್ಲಿ ಉದ್ದುದ್ದ ಲೇಖನ ಟೈಪ್ ಮಾಡುತ್ತಿದ್ದರು. ಕೇಳಿದರೆ, "ದುಡಿಯುವುದು ಅದೊಂದೇ ಅಲ್ವಾ? ಅದಕ್ಕಾದರೂ ಸಿಂಗಾರ ಬೇಡವಾ?" ಎನ್ನುತ್ತಿದ್ದರು. ಬೆರಳು ಚಂದ, ಮಾತು ಚಂದ, ಬರಹ ಇನ್ನೂ ಚಂದ. ನನಗೆ ಮೊದಲ ದಿನವೇ ಹೊಟ್ಟೆಯಲ್ಲಿ ಉರಿ ಶುರುವಾಯಿತು.

ಅವರು ಕಾಪುವಿನ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಮನೆಮಾತು ಬ್ಯಾರಿ. ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದೆವು. ಉಡುಪಿ ಕಡೆಯ ಹೆಂಗಸರು ಸೇರಿ ಬರೆಯುವ ಒಂದು ಬ್ಲಾಗಿನಲ್ಲಿ ನಮ್ಮ ಪರಿಚಯ. ಹೊಸ ಬರಹ ಮೇಲೆ, ಹಳೆಯದು ಕೆಳಗೆ ಎಂಬ ಕ್ರಮ ಇದ್ದಷ್ಟು ದಿನ ನಾನು ಸುಖವಾಗಿದ್ದೆ. ವಾರ ತಪ್ಪದೆ ಬರೆಯುತ್ತಿದ್ದುದರಿಂದ ಬ್ಲಾಗ್ ತೆರೆದವರಿಗೆ ಮೊದಲು ಕಾಣುತ್ತಿದ್ದವಳು ನಾನೇ.

ಆಮೇಲೆ ಬ್ಲಾಗ್ ನೋಡಿಕೊಳ್ಳುವ ಮಣಿಪಾಲದ ಹುಡುಗಿ ಹೊಸ ವ್ಯವಸ್ಥೆ ತಂದಳು. ಪ್ರತಿ ಲೇಖಕಿಯ ಪ್ರೊಫೈಲಿಗೆ ಊರು, ಮನೆಮಾತು, ವೃತ್ತಿ ಸೇರಿಸಿದಳು. ಓದುಗರು ಬೇಕಾದ್ದನ್ನು ಆರಿಸಿದರೆ ಅಂಥವರ ಬರಹಗಳಷ್ಟೇ ತೆರೆಯುತ್ತವೆ. ಕಾಪು ಎಂದು ಆರಿಸಿದರೆ ಟೀಚರ್, ಬ್ಯಾರಿ ಎಂದರೂ ಟೀಚರ್, ಶಿಕ್ಷಕಿ ಎಂದರೆ ಪುನಃ ಟೀಚರ್. ನಾನೋ ಅಲೆವೂರಿನ ತುಳು ಗೃಹಿಣಿ. ತುಳು ಗೃಹಿಣಿಯರ ಸಂತೆಯಲ್ಲಿ ಎಲ್ಲೋ ಕೆಳಗೆ ಬಿದ್ದಿದ್ದೆ. ಬೆಳಿಗ್ಗೆ ಚಾ ಕುಡಿಯುತ್ತ, ಟೀಚರ ಬರಹಕ್ಕೆ ಎಷ್ಟು ಮಂದಿ ಪ್ರತಿಕ್ರಿಯಿಸಿದ್ದಾರೆ ಎಂದು ನೋಡುವುದು ಚಟವಾಯಿತು. "ಇವತ್ತೂ ಕಾಪುವಿಗೆ ಹೋಗಿ ಬಂದೆಯಾ?" ಎಂದು ಗಂಡ ನಗುತ್ತಿದ್ದರು.

ಒಮ್ಮೆ ಕಾರ್ಕಳದ ಪ್ರಕಾಶಕರೊಬ್ಬರು ತಮ್ಮ ತಾಲೂಕಿನ ಲೇಖಕಿಯರ ಪುಸ್ತಕ ತರಲು ಹೊರಟರು. ಬರಹಗಳನ್ನು ನಮ್ಮ ಬ್ಲಾಗಿನಿಂದಲೇ ಆರಿಸುವುದೆಂದಾಯಿತು. ನಾನು ಹುಟ್ಟಿ ಬೆಳೆದದ್ದು ಅದೇ ತಾಲೂಕಿನ ಅಜೆಕಾರಿನಲ್ಲಿ, ಬರೆದದ್ದೆಲ್ಲ ಆ ಊರಿನದ್ದೇ. ಆದರೆ ಪ್ರೊಫೈಲಿನಲ್ಲಿ ಇದ್ದದ್ದು ಗಂಡನ ಊರಾದ ಅಲೆವೂರು, ಉಡುಪಿ ತಾಲೂಕು. ಕಾರ್ಕಳ ಎಂದು ಆರಿಸಿದರೆ ನನ್ನದೊಂದೂ ಬರುತ್ತಿರಲಿಲ್ಲ. ನನ್ನದನ್ನೂ ನೋಡಿ ಎಂದು ಕೇಳಿಕೊಂಡು ಹೋಗಲು ಮಾನ ಅಡ್ಡ ಬಂತು.

ಅಷ್ಟರಲ್ಲಿ ಟೀಚರ ಫೋನು. "ನಿಮ್ಮ ಅಮ್ಮ ನೇಜಿ ನೆಡುವ ಲೇಖನ ಕಾರ್ಕಳದಲ್ಲಿ ಕಾಣುವುದಿಲ್ಲ ಮಾರಾಯ್ರೆ. ನೀವು ಅಜೆಕಾರಿನವರಲ್ವಾ?"

"ಇರಲಿ ಬಿಡಿ ಟೀಚರ್. ಅದರಲ್ಲಿ ಎಂತ ಉಂಟು?"

"ಎಂತ ಉಂಟಾ? ಗದ್ದೆಯ ಬದುವಿನಲ್ಲಿ ಅಮ್ಮ ನಿಮಗೆ ಗಂಜಿ ಕೊಡುವಲ್ಲಿ ನಾನು ಓದು ನಿಲ್ಲಿಸಿ ಕಣ್ಣು ಒರೆಸಿಕೊಂಡಿದ್ದೇನೆ."

ಅವರು ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ ಆ ಹುಡುಗಿಯ ಎದುರು ಕೂತರಂತೆ. "ಹೆಂಗಸರಿಗೆ ಊರು ಒಂದೇ ಇರುವುದಾ ಮಗಾ? ಹುಟ್ಟೂರಿಗೆ ಬೇರೆ ಜಾಗ ಮಾಡು" ಎಂದರಂತೆ. ಹುಡುಗಿ ಮಾಡಿಕೊಟ್ಟಳು. ನನ್ನ ಲೇಖನ ಪುಸ್ತಕ ಸೇರಿತು.

ಬಿಡುಗಡೆಯ ದಿನ ಟೀಚರನ್ನು ಮಾತಿಗೆ ಕರೆದರು. ಅವರು ಹೇಳಿದ್ದೆಲ್ಲ ನನ್ನ ಬರಹದ ಬಗ್ಗೆಯೇ. ಸಭೆ ಮುಗಿದ ಮೇಲೆ ಜನ ಮುತ್ತಿಕೊಂಡದ್ದು ಮಾತ್ರ ಅವರನ್ನು. ಎಂಥ ದೊಡ್ಡ ಮನಸ್ಸು ನಿಮ್ಮದು ಎಂದು ಕೊಂಡಾಡುತ್ತಿದ್ದರು. ನಾನು ಮೂಲೆಯಲ್ಲಿ ನಿಂತು ಅಂಬಡೆ ತಿನ್ನುತ್ತಿದ್ದೆ. ಅವರ ಒಳ್ಳೆಯತನವೂ ಗಂಟಲಿನಲ್ಲಿ ಇಳಿಯಲಿಲ್ಲ.

ಆದರೂ ಅಂದಿನಿಂದ ನಾನು ಬರೆದದ್ದೆಲ್ಲ ಅವರಿಗಾಗಿ. ಬರಹ ಬಂದ ಸಂಜೆ ಅವರ ಫೋನು ಬಂದೇ ಬರುತ್ತಿತ್ತು. "ಕೊನೆಗೆ ಸ್ವಲ್ಪ ಅವಸರ ಆಯ್ತು ಅಲ್ವಾ?" ಎಂದರೆ ಕೂಡಲೇ ತಿದ್ದುತ್ತಿದ್ದೆ. ಅಷ್ಟೊಂದು ಓದುಗರಿರುವವರು ಕೂತು ಓದುವುದು ನನ್ನೊಬ್ಬಳನ್ನೇ ಎಂಬ ಹೆಮ್ಮೆ ಒಳಗೊಳಗೇ ಬೆಳೆದಿತ್ತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಕಾಪುವಿನ ಮನೆಗೆ ಹೋದಾಗ ಒಳಕೋಣೆಯಲ್ಲಿ ಬ್ಲಾಗಿನ ಕೆಲವರು ಕೂತಿದ್ದರು. ನಿಟ್ಟೆಯಿಂದ ಬಂದಿದ್ದ ಒಬ್ಬರು ಬಿಕ್ಕುತ್ತ, "ನನ್ನ ಬರಹ ಬಂದ ಸಂಜೆ ಫೋನ್ ಮಾಡದೆ ಇರುತ್ತಿರಲಿಲ್ಲ. ಇನ್ನು ಯಾರಿಗೆ ಅಂತ ಬರೆಯುವುದು?" ಎಂದರು. ಪಕ್ಕದವರು, "ನನಗೂ ಮಾಡುತ್ತಿದ್ದರು" ಎಂದರು.

ಆ ದುಃಖದ ಮನೆಯಲ್ಲೂ ನನ್ನ ಹೊಟ್ಟೆ ಧಗಧಗ ಉರಿಯಿತು, ಈ ಸಲ ಅಲ್ಲಿ ಕೂತಿದ್ದ ಹೆಂಗಸರ ಮೇಲೆ. ಟೀಚರ ಮಗಳು ನನ್ನತ್ತ ತಿರುಗಿ ಕೇಳಿದಳು: "ಉಮ್ಮ ನಿಮಗೂ ಮಾಡುತ್ತಿದ್ದರಲ್ವಾ?"

"ಹೌದು" ಎಂದೆ. "ನನಗೆ ಸ್ವಲ್ಪ ಜಾಸ್ತಿ."