ಎಮ್ಮೆಯ ಮಿದುಳು ಕೈಗಿತ್ತ ಮಗದುಮ್ ಸರ್

ಮಗದುಮ್ ಸರ್ ಸಾವಾದ ಮನೆಗೆ ಹೋದರೆ ಎರಡು ಕೆಲಸ ಮಾಡುತ್ತಿದ್ದರು. ಮೊದಲು ಕಣ್ಣೀರು ಹಾಕುತ್ತಿದ್ದರು, ಆಮೇಲೆ ತಲೆ ಕೇಳುತ್ತಿದ್ದರು. ಗಾಬರಿಯಾಗಬೇಡಿ, ಸತ್ತಿರುತ್ತಿದ್ದುದು ಎಮ್ಮೆಯೋ ಎತ್ತೋ ಆಡೋ. ಆದರೆ ಕಣ್ಣೀರು ಮಾತ್ರ ನಿಜವಾದದ್ದೇ. ದನ ಕಳೆದುಕೊಂಡವರೇ ಕೊನೆಗೆ ಅವರಿಗೆ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸಬೇಕಾಗುತ್ತಿತ್ತು.

ಹಾರೂಗೇರಿಯ ಕಾಲೇಜಿನಲ್ಲಿ ಅವರು ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಕಾಗವಾಡದ ಜೈನ ರೈತ ಮನೆತನ, ದ್ರಾಕ್ಷಿ ತೋಟ. ಇರುವೆಯ ಸಾಲು ದಾಟಲಿ ಎಂದು ಸ್ಕೂಟರ್ ನಿಲ್ಲಿಸಿಕೊಂಡು ನಿಲ್ಲುವ ಮನುಷ್ಯ. ಅಂಥವರಿಗೆ ಹಿಡಿದಿದ್ದ ಹುಚ್ಚು ಮಿದುಳಿನದು. ಕೋಟಿಗಟ್ಟಲೆ ವರ್ಷಗಳಲ್ಲಿ ಮಿದುಳು ಹೇಗೆ ಬದಲಾಗುತ್ತ ಬಂತು, ಅದನ್ನು ನಾವು ಇವತ್ತು ಕುಳಿತು ತಿಳಿಯುವುದು ಹೇಗೆ ಎಂಬುದೇ ಅವರ ಹಗಲಿರುಳಿನ ಚಿಂತೆ. ಕೊಲ್ಲುವಂತಿಲ್ಲ, ಕೊಯ್ಯುವಂತಿಲ್ಲ. ಹೀಗಾಗಿ ತಾವಾಗಿಯೇ ಸಾಯುವ ಪ್ರಾಣಿಗಳಿಗಾಗಿ ಅವರು ಕಾಯಬೇಕಿತ್ತು. ಸುತ್ತಲ ಹಳ್ಳಿಗಳ ದನಗಾಹಿಗಳ ಮೊಬೈಲಿನಲ್ಲೆಲ್ಲ ಅವರ ನಂಬರ್ ಇತ್ತು.

ಮೊದಲ ಕ್ಲಾಸಿನಲ್ಲೇ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ಸತ್ತ ಮ್ಯಾಲ ಲಗೂನ ಕೊಳಿಯೂದು ಮಿದುಳ. ಕೋಟಿ ವರ್ಷದ ಹಿಂದಿನ ಪ್ರಾಣಿದ ಎಲುಬ ಸಿಗತೈತಿ, ಮಿದುಳ ಸಿಗಂಗಿಲ್ಲ. ಹಂಗಾರ ಹೆಂಗ ಮಾಡೂದು? ಬಾಡಿಗಿದಾರ ಮನಿ ಬಿಟ್ಟ ಹೋಗಿರತಾನ. ಗ್ವಾಡಿ ಮ್ಯಾಲ ಅಂವ ಬಡದ ಮೊಳಿ, ತಲಿ ಆನಿಸಿದ ಎಣ್ಣಿ ಕಲಿ ಇರತಾವೋ ಇಲ್ಲೋ? ಬುರುಡಿ ಒಳಗಿನ ಗ್ವಾಡಿ ಮ್ಯಾಲ ಮಿದುಳೂ ಹಂಗ ತನ್ನ ಗುರುತ ಬಿಟ್ಟ ಹೋಗಿರತೈತಿ. ವಿಜ್ಞಾನಿಗಳು ಆ ಗುರುತ ಓದತಾರ.”

ಓದುವ ವಿಧಾನವನ್ನು ನಮಗೆ ಕೈಯಾರೆ ತೋರಿಸುತ್ತಿದ್ದರು. ಚೊಕ್ಕಟ ಮಾಡಿದ ಬುರುಡೆಯ ಹಿಂದಿನ ತೂತಿನಿಂದ ರಬ್ಬರಿನ ಹಾಲು ಸುರಿದು, ಬುರುಡೆಯನ್ನು ಗಿರಗಿರ ತಿರುಗಿಸಿ, ಒಳಗೋಡೆಗೆಲ್ಲ ಅದು ಅಂಟಿಕೊಂಡು ಒಣಗುವವರೆಗೆ ಕಾಯುವುದು. ಆಮೇಲೆ ಅದೇ ತೂತಿನಿಂದ ಆ ರಬ್ಬರನ್ನು ಮಡಚಿ ಮಡಚಿ ಹೊರಗೆ ಎಳೆಯುವುದು. ಹೊರಬಂದ ಮೇಲೆ ಅದು ಅರಳಿ, ಒಳಗಿದ್ದ ಮಿದುಳಿನ ಆಕಾರವೇ ಕೈಗೆ ಬರುತ್ತಿತ್ತು. ಇಬ್ಬರು ಬುರುಡೆ ಹಿಡಿದುಕೊಂಡರೆ ಮೂರನೆಯವರು ಎಳೆಯಬೇಕು. ಸರ್ ಪಕ್ಕದಲ್ಲಿ ನಿಂತು, “ಸಾವಕಾಶ, ಸಾವಕಾಶ, ತಾಯಿ ಮಗು ಇಬ್ಬರೂ ಉಳೀಬೇಕು,” ಎಂದು ಸೂಲಗಿತ್ತಿಯಂತೆ ಬೆವರುತ್ತಿದ್ದರು.

ಅವರ ಹೆಂಡತಿ ಸುನಂದಾ ಕಾಕುವಿಗೆ ಇದೊಂದೂ ಸೇರುತ್ತಿರಲಿಲ್ಲ. “ಎಲುಬ ಈ ಹೊಸ್ತಿಲಾ ದಾಟಿದ್ರ ನಾ ದಾಟಿ ಹೋಗತೀನಿ,” ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಹೀಗಾಗಿ ತೋಟದ ಪಂಪಿನ ಕೋಣೆಯೇ ಸರ್ ಅವರ ಪ್ರಯೋಗಶಾಲೆ. ಅಲ್ಲಿಂದ ಕಾಲೇಜಿಗೆ ಬುರುಡೆಗಳು ಬಸ್ಸಿನಲ್ಲಿ ಬರುತ್ತಿದ್ದವು.

ಒಂದು ಬೆಳಿಗ್ಗೆ ನಾನೂ ಅದೇ ಬಸ್ಸಿನಲ್ಲಿದ್ದೆ. ಸರ್ ಕಾಲ ಬಳಿ ಗೋಣಿಚೀಲ ಇಟ್ಟುಕೊಂಡಿದ್ದರು. ಡ್ರೈವರ್ ಒಮ್ಮೆಲೇ ಬ್ರೇಕ್ ಒತ್ತಿದ್ದೇ ತಡ, ಚೀಲ ಉರುಳಿತು. ಕೊಂಬು ಸಮೇತ ಒಂದು ಎತ್ತಿನ ತಲೆಬುರುಡೆ ಜಾರುತ್ತ ಹೋಗಿ ಕಂಡಕ್ಟರನ ಬೂಟಿಗೆ ತಾಗಿ ನಿಂತಿತು.

“ಅಯ್ಯಯ್ಯೋ, ಮಾಟಾ! ಮಾಟಾ ಮಾಡಾವ ಅದಾನ!” ಎಂದು ಮುಂದಿನ ಸೀಟಿನ ಹೆಂಗಸು ಕಿರುಚಿದರು.

ಸರ್ ಕೈಮುಗಿದು ಎದ್ದು ನಿಂತರು. “ಮಾಟಗಾರ ಅಲ್ಲವಾ, ನಾ ಮಾಸ್ತರ.”

“ಎರಡೂ ಒಂದರಿ,” ಎಂದು ಹಿಂದಿನಿಂದ ಯಾರೋ ಹೇಳಿದರು.

ಕಂಡಕ್ಟರ್ ಬುರುಡೆಯನ್ನೊಮ್ಮೆ, ಸರ್ ಅವರನ್ನೊಮ್ಮೆ ನೋಡಿದ. “ಸರ್, ನಮ್ಮಲ್ಲಿ ತಲಿಗೊಂದ ಟಿಕೇಟರಿ. ನಿಮ್ಮ ಹಂತೇಕ ಎರಡ ತಲಿ ಅದಾವು.”

ಬಸ್ಸೆಲ್ಲ ನಕ್ಕಿತು. ಸರ್ ಮಾತ್ರ ನಗಲಿಲ್ಲ. ಬುರುಡೆ ಎತ್ತಿಕೊಂಡು, ಇದರೊಳಗಿನ ಗೋಡೆ ಏನು ಹೇಳುತ್ತದೆ ಎಂದು ಅಲ್ಲೇ ಪಾಠ ಶುರು ಮಾಡಿದರು. ಕಂಬಿ ಹಿಡಿದು ಓಲಾಡುತ್ತ ಹಾರೂಗೇರಿಯವರೆಗೂ ಹೇಳಿದರು. ಇಳಿಯುವ ಹೊತ್ತಿಗೆ ಕಿರುಚಿದ ಹೆಂಗಸೇ ಹತ್ತಿರ ಬಂದು, “ಸರ್, ನನ್ನ ಮಗಾ ಹತ್ತನೇತ್ತಾ ಎರಡ ಸಲ ಫೇಲ್ ಆಗ್ಯಾನ್ರಿ. ನೀವು ನೋಡಿದ್ರ ಏನರ ತಿಳೀತೈತೇನ್ರಿ?” ಎಂದು ಕೇಳಿದರು.

“ಅಂವ ಇನ್ನೂ ಜೀವಂತ ಅದಾನವಾ. ನಾ ಜೀವಂತ ಇದ್ದವರ ತಲಿಗೆ ಕೈ ಹಚ್ಚಂಗಿಲ್ಲ,” ಎಂದು ಸರ್ ಗಂಭೀರವಾಗಿ ಹೇಳಿದರು.

ಕಾಲೇಜಿನ ಕಪಾಟಿನಲ್ಲಿ ಕೋಳಿ, ಕಾಗೆ, ನಾಯಿ, ಆಡು, ಮಂಗ, ಎತ್ತು ಎಂದು ಅಚ್ಚುಗಳ ಸಾಲಿತ್ತು. ಅದನ್ನು ನೋಡಿಯೇ ನಾನೊಂದು ದಿನ ಕೇಳಿದೆ. “ಸರ್, ಎತ್ತಿನ ಮಿದುಳು ಮಂಗ್ಯಾನ ಮಿದುಳಕ್ಕಿಂತ ಎಷ್ಟೋ ದೊಡ್ಡದೈತಿ. ಮತ್ತ ಎತ್ತ ಯಾಕ ಹಗ್ಗಾ ಬಿಚ್ಚಿಕೊಳ್ಳಂಗಿಲ್ರಿ?”

ಬೇರೆ ಮೇಷ್ಟ್ರಾಗಿದ್ದರೆ ಕೂಡ್ರು ಅನ್ನುತ್ತಿದ್ದರು. ಇವರು ಗಡ್ಡ ಕೆರೆದುಕೊಂಡು, “ಮೈ ದೊಡ್ಡದಿದ್ದರ ಮಿದುಳೂ ದೊಡ್ಡದ ಇರತೈತಿ, ಅಷ್ಟ ನನಗ ಗೊತ್ತು. ಮುಂದಿಂದ ಗೊತ್ತಿಲ್ಲ ತಂಗಿ. ಒಂದ ವಾರ ಟೈಮ್ ಕೊಡು,” ಎಂದರು.

ವಾರದ ಮೇಲೆ ಎರಡು ಪಾತ್ರೆ ಹೊತ್ತು ತಂದರು, ಒಂದು ದೊಡ್ಡದು, ಒಂದು ಸಣ್ಣದು. ಎರಡರಲ್ಲೂ ಚುರಮುರಿ. ದೊಡ್ಡ ಪಾತ್ರೆಯಲ್ಲಿ ಶೇಂಗಾ ಅಲ್ಲೊಂದು ಇಲ್ಲೊಂದು, ಸಣ್ಣದರಲ್ಲಿ ಒತ್ತೊತ್ತಾಗಿ.

“ಮಿದುಳಿನ ಅಳತಿ ಒಂದ ನೋಡಿದ್ರ ಸಾಲಂಗಿಲ್ಲ. ಒಳಗ ನರಕೋಶ ಎಷ್ಟ ಅದಾವು ಅದನ್ನೂ ನೋಡಬೇಕು. ಅದಕ್ಕ ಈಗಿನ ವಿಜ್ಞಾನಿಗಳು ಏನ ಮಾಡತಾರ ಅಂದ್ರ, ಸತ್ತ ಪ್ರಾಣಿ ಮಿದುಳ ಅರದ ನೀರ ಮಾಡತಾರ, ಚೆಂದಂಗ ಕಲಕತಾರ, ಒಂದ ಹನಿ ತಗದ ಎಣಸತಾರ. ಒಂದ ಹನಿಯಾಗ ಎಷ್ಟು ಅಂತ ಗೊತ್ತಾದ್ರ ಎಲ್ಲಾ ಹನಿದೂ ಲೆಕ್ಕ ಸಿಕ್ಕಂಗ. ಈ ದೊಡ್ಡದು ಎತ್ತು, ಸಣ್ಣದು ಮಂಗ್ಯಾ. ಚುರಮುರಿ ನೀರು, ಶೇಂಗಾ ನರಕೋಶ. ಒಂದೊಂದ ಬಟ್ಟಲ ತಗೊಂಡ ಎಣಸರಿ.”

ಕಲಕಿದೆವು, ಎಣಿಸಿದೆವು. ಎರಡನೆಯ ಬಟ್ಟಲಿಗೇ ಲೆಕ್ಕ ಹಳ್ಳ ಹಿಡಿಯಿತು. ಮೂರನೆಯದಕ್ಕೆ ಮಂಗನ ಪಾತ್ರೆಯಲ್ಲಿ ಒಂದೇ ಒಂದು ಶೇಂಗಾ ಉಳಿದಿತ್ತು. ಹಿಂದಿನ ಬೆಂಚಿನವರ ದವಡೆಗಳು ಆಡುತ್ತಿದ್ದವು. ಸರ್ ಮೇಜು ಗುದ್ದಿ ಗರ್ಜಿಸಿದರು. “ಯಾರಲೇ ಮಂಗ್ಯಾನ ಮಿದುಳ ತಿಂದಾವ್ರು?”

ಅದೇ ಹೊತ್ತಿಗೆ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತಿದ್ದರು. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದರು. ಈ ಸುದ್ದಿ ಕಾಗವಾಡ ಮುಟ್ಟುವ ಹೊತ್ತಿಗೆ ಮಗದುಮ್ ಸರ್ ಮಿದುಳು ಅರೆಯಲು ಹೊರಟಿದ್ದಾರೆ ಎಂದಾಗಿತ್ತು. ಸುನಂದಾ ಕಾಕು ಒಂದು ತಿಂಗಳು ಮಿಕ್ಸರಿನ ಜಾರನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದರಂತೆ.

ನಗಿಸಿದ್ದು ಇಷ್ಟು. ನಗದೆ ನೆನೆಯುವುದೂ ಒಂದಿದೆ. ಹಾರೂಗೇರಿಯ ಹತ್ತಿರದ ಹಳ್ಳಿಯ ಗಂಗವ್ವ ಎಂಬ ಮುದುಕಿಯ ಎಮ್ಮೆ ಸತ್ತಿತು. ಒಂಟಿ ಹೆಂಗಸು, ಹದಿನೆಂಟು ವರ್ಷ ಸಾಕಿದ ಎಮ್ಮೆ. ಸರ್ ನಮ್ಮಲ್ಲಿ ನಾಲ್ವರನ್ನು ಕರೆದುಕೊಂಡು ಹೋದರು. ಎಂದಿನಂತೆ ಅತ್ತರು. ಎಂದಿನಂತೆ ಕೇಳಿದರು.

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ತಲಿ ಇಲ್ಲದ ನನ್ನ ಎಮ್ಮಿ ಮ್ಯಾಲ ಹ್ವಾದ್ರ ಗುರುತ ಯಾರ ಹಿಡೀತಾರೋ ಯಪ್ಪಾ?” ಎಂದಳು.

ಸರ್ ಮತ್ತೆ ಕೇಳಲಿಲ್ಲ. ಅಂಗಿ ತೋಳು ಮಡಚಿ, ನಮ್ಮ ಕೈಗೂ ಗುದ್ದಲಿ ಕೊಟ್ಟು, ಬೇವಿನ ಮರದ ಕೆಳಗೆ ತಗ್ಗು ತೋಡಿಸಿ ಎಮ್ಮೆಯನ್ನು ಇಡಿಯಾಗಿ ಮಣ್ಣು ಮಾಡಿಸಿದರು. ಮುಂದೆ ಆ ದಾರಿಯಲ್ಲಿ ಹೋದಾಗಲೆಲ್ಲ ಒಂದು ಗಳಿಗೆ ಗಂಗವ್ವನ ಕಟ್ಟೆಯ ಮೇಲೆ ಕೂತು ಬರುತ್ತಿದ್ದರು. ಬುರುಡೆಯ ಮಾತನ್ನು ಎಂದೂ ಎತ್ತಲಿಲ್ಲ. ಎರಡು ವರ್ಷದ ಮೇಲೆ ಅವಳೇ ಫೋನು ಮಾಡಿಸಿದಳು. “ಮಾಸ್ತರ, ಇಷ್ಟೊತ್ತಿಗೆ ಅದು ಮ್ಯಾಲ ಮುಟ್ಟಿರತೈತಿ. ಬಂದ ಒಯ್ರಿ.”

ಅಚ್ಚು ತೆಗೆದ ಮೇಲೆ ಸರ್ ಅದನ್ನು ಮೊದಲು ಒಯ್ದು ತೋರಿಸಿದ್ದು ಅವಳಿಗೇ. ನಾನು ಜೊತೆಗಿದ್ದೆ. ಗಂಗವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಸುರುಳಿ ಸುರುಳಿ ಗೆರೆಗಳ ಮೇಲೆ ಹೆಬ್ಬೆರಳಾಡಿಸಿದಳು.

“ಇಷ್ಟ ಏನೋ ಯಪ್ಪಾ? ಇಷ್ಟರಾಗ ನನ್ನ ದನಿ ಇತ್ತ? ಮನಿ ದಾರಿ ಇತ್ತ? ಮೊದಲನೇ ಕರಾ ಸತ್ತದ್ದ ನೆನಪಿತ್ತ?”

ಸರ್ ಕಟ್ಟೆಯ ಮೇಲೆ ಅವಳ ಪಕ್ಕ ಕೂತರು. “ಇತ್ತವಾ, ಇದ್ದ ಇರಬೇಕು. ಆದ್ರ ಇದು ಬರೇ ಆಕಾರ. ನೆನಪ ಎಲ್ಲಿ ಕುಂತಿತ್ತು ಅಂತ ಇದು ಹೇಳಂಗಿಲ್ಲ. ನಮಗ ಇನ್ನೂ ಭಾಳ ತಿಳಿಯೂದ ಐತಿ,” ಎಂದರು. ಬಸ್ ಸ್ಟ್ಯಾಂಡಿನಲ್ಲಿ ನನ್ನತ್ತ ತಿರುಗಿ, “ಪರೀಕ್ಷಾದಾಗ ಇಂಥಾ ಪ್ರಶ್ನಿ ಯಾರೂ ಕೇಳಂಗಿಲ್ಲ ನೋಡು,” ಎಂದರು.

ನಾನು ಓದು ಮುಗಿಸಿ ಅಥಣಿಯಲ್ಲಿ ಹೈಸ್ಕೂಲ್ ಟೀಚರಾದೆ. ಸರ್ ನಿವೃತ್ತರಾದರು. ಹೋದ ವರ್ಷ ಅವರಿಗೆ ತಲೆನೋವು ಶುರುವಾಗಿ ಮಿರಜಿನಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರು. ಆ ಮಷಿನ್ನಿನೊಳಗೆ ಮಲಗಿಕೊಂಡೇ ಸರ್, ಇದರಲ್ಲಿ ಮಂಗನ ತಲೆ ಹಿಡಿಸುತ್ತದೆಯೇ, ಡಾಲ್ಫಿನ್ನಿನದು ಹೇಗೆ ತೆಗೆಯುತ್ತಾರೆ ಎಂದು ಕೇಳಹತ್ತಿದರಂತೆ. ಹೊರಗಿದ್ದ ಹುಡುಗ ಮೈಕಿನಲ್ಲಿ, “ಕಾಕಾ, ಬೋಲೂ ನಕಾ!” ಎಂದು ಮರಾಠಿಯಲ್ಲಿ ಮೂರು ಸಲ ಬಾಯಿ ಮುಚ್ಚಿಸಿದನಂತೆ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಮಾತು ಹುಟ್ಟುವ ಜಾಗದ ಪಕ್ಕದಲ್ಲೇ ಇದೆ, ತೆಗೆದರೆ ಮಾತು ಹೋದರೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ಆಯಿತು. ಎಂಟನೆಯ ದಿನ ಸರ್ ತೀರಿಕೊಂಡರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಕಾಗವಾಡದ ಅವರ ಮನೆಯಲ್ಲಿ. ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಗಾಜಿಗೆ ಅಂಟಿಸಿಕೊಂಡು ಕೂತಿದ್ದರು. ಹಾಲಿನವನಿಂದ ಹಿಡಿದು ಬಂದವರಿಗೆಲ್ಲ ಅದೇ ಪಾಠ.

“ಹಿಂದಿಂದು ನೋಡು, ಸಣ್ಣ ಮಿದುಳ. ಮೀನಕ್ಕೂ ಐತಿ ಇದು. ಮುಂದಿಂದು ನಮ್ಮಾಗ ಭಾಳ ಬೆಳದೈತಿ, ಆದ್ರ ಸುನಂದಾನ ಮುಂದ ಅದರ ಆಟ ನಡ್ಯಂಗಿಲ್ಲ. ಇಂವ ಒಬ್ಬಾಂವ ಇಲ್ಲಿ, ಕರೀಲಾರದ ಬಂದ ಬೀಗ.” ಬೆರಳನ್ನು ಬಿಳಿ ಚುಕ್ಕೆಯ ಮೇಲಿಟ್ಟರು. ಆಮೇಲೆ ನನ್ನತ್ತ ತಿರುಗಿದರು. “ಏನರ ಕೇಳೂದಿದ್ದರ ಇವತ್ತ ಕೇಳಿಬಿಡು ತಂಗಿ. ನಾಳಿಂದ ಮಾತ ಇರತಾವೋ ಇಲ್ಲೋ.”

ಬಸ್ಸಿನಲ್ಲಿ ಬರುವಾಗ ನೂರು ಪ್ರಶ್ನೆ ಇದ್ದವು. ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ, “ಸರ್, ಊಟ ಆತೇನ್ರಿ?” ಎಂದೆ.

ಅವರು ಬಿದ್ದು ಬಿದ್ದು ನಕ್ಕರು. ಏನಾಯಿತೆಂದು ಕಾಕು ಒಳಗಿನಿಂದ ಓಡಿ ಬಂದರು. “ಕೇಳಿದೇನ ಸುನಂದಾ? ಮೂರ ವರ್ಷ ನನ್ನ ಕೈಯಾಗ ಕಲತಾಕಿ! ಊಟ ಆಗಿಲ್ಲ ತಂಗಿ. ಇಬ್ಬರಿಗೂ ಬಡಿಸು.”

ಅದು ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ. ಕಾಕು ಲಗುಬಗೆಯಿಂದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಬಡಿಸಿದರು. ಸರ್ ಆ ವರ್ಷದ ದ್ರಾಕ್ಷಿಯ ಸುದ್ದಿ ಹೇಳಿದರು, ನನ್ನ ಶಾಲೆಯ ಮಕ್ಕಳ ಸುದ್ದಿ ಕೇಳಿದರು, ಮತ್ತೊಂದು ರೊಟ್ಟಿ ನನ್ನ ತಾಟಿಗೆ ತಾವೇ ಹಾಕಿದರು. ಅಷ್ಟರಲ್ಲಿ ನನಗೊಂದು ಪ್ರಶ್ನೆ ನೆನಪಾಯಿತು. “ಸರ್,” ಎಂದು ಬಾಯಿ ತೆರೆದೆ. ಅವರು ಕಿಟಕಿಯಾಚೆ ನೋಡಿ ಕೈ ಅಡ್ಡ ಮಾಡಿದರು.

“ಹೊತ್ತ ಮುಳಗಾಕ ಬಂತು, ಲಗೂನ ಉಣ್ಣು. ಪ್ರಶ್ನಿ ಆಮ್ಯಾಲ ಕೇಳಿಯಂತ.”